ಮರದ ವಯಸ್ಸು ಕಳೆದ ಮೇಲೆ ಉಳಿದದ್ದು

ಹೊಸದಾಗಿ ಕೊಯ್ದ ಸಾಗವಾನಿಗೆ ಹದ ಮಾಡಿದ ತೊಗಲಿನ ವಾಸನೆ ಇರುತ್ತದೆ. ಕಳೆದ ತಿಂಗಳು ಬಾಗಿಲ ಚೌಕಟ್ಟಿನ ಒಂದು ಪಟ್ಟಿಯನ್ನು ಬದಲಿಸಬೇಕಾಗಿ ಬಂದು ಬೈಲಹೊಂಗಲದಲ್ಲಿ ಕಟ್ಟಿಗೆ ಕೊಯ್ಯುವ ಗಿರಣಿಯೊಂದಕ್ಕೆ ಹೋಗಿದ್ದೆ. ಗರಗಸ ತಿರುಗಿತು, ಪುಡಿ ಹಾರಿತು, ಆ ವಾಸನೆ ಬಂದಿತು. ಗಿರಣಿಯವನು ಪಟ್ಟಿಯ ಅಳತೆಯನ್ನು ಎರಡನೆಯ ಸಲ ಕೇಳಬೇಕಾಯಿತು. ನನ್ನ ಲಕ್ಷ್ಯ ಮೂರು ವರ್ಷದ ಹಿಂದಿನ ಮಳೆಗಾಲಕ್ಕೆ ಹೋಗಿತ್ತು. ನಮ್ಮ ಹೊಲದ ಬದುವಿನ ಮರವೊಂದರಿಂದ ಪೆನ್ಸಿಲಿನಷ್ಟು ತೆಳ್ಳಗಿನ ಕಡ್ಡಿ ಹೊರಬಂದು, ಇದೇ ವಾಸನೆ ಮಳೆಯ ಗಾಳಿಯಲ್ಲಿ ನಿಂತ ಮಧ್ಯಾಹ್ನಕ್ಕೆ.

ನಮ್ಮ ಊರು ಕಿತ್ತೂರಿನ ಕೆಂಪು ಮಸಾರಿ ನೆಲ ಮುಗಿದು ಬೈಲಹೊಂಗಲದ ಕಪ್ಪು ಎರೆ ನೆಲ ಆರಂಭವಾಗುವ ಸಂದಿನಲ್ಲಿದೆ. ನಾನು ಇನ್ನೂ ಕೂಸಾಗಿದ್ದಾಗ ನಮ್ಮ ಅಪ್ಪ ಹಳ್ಳದ ಹೊಲದ ಮೇಲಿನ ಬದುವಿಗೆ ಒಂದು ಸಾಲು ಸಾಗವಾನಿ ಹಚ್ಚಿದ್ದ. ನನಗೆ ಮೀಸೆ ಮೂಡುವ ಹೊತ್ತಿಗೆ ನನ್ನ ಅಣ್ಣನ ಮದುವೆಯಾಯಿತು. ವೈನಿ ಶಾಂತವ್ವ ರಾಮದುರ್ಗದ ಕಡೆಯವಳು. ಆ ಕಡೆಯ ನೆಲ ಒಣ ನೆಲವೆಂಬುದು ಎಲ್ಲರಿಗೂ ತಿಳಿದ ಸಂಗತಿ. ಅವಳು ಬಂದ ಮುಂದಿನ ಕೆಲವು ವರ್ಷ ಆ ಹೊಲದ ಜೋಳ ಮೊದಲಿನಂತೆ ತೆನೆ ಕಟ್ಟಲಿಲ್ಲ. ನಮ್ಮ ಅವ್ವ ಅದಕ್ಕೊಂದು ಕಾರಣವನ್ನು ಕಂಡುಕೊಂಡಳು: ಸೊಸೆಯ ಕಾಲಗುಣ. ರಾಮದುರ್ಗದವಳು ಬರವನ್ನು ಉಡಿಯಲ್ಲಿ ಕಟ್ಟಿಕೊಂಡು ಬಂದಳು ಎಂಬ ಮಾತು ಮನೆಯಿಂದ ಹೊರಟು ನೇಸರಗಿಯ ಸಂತೆಯವರೆಗೂ ಹೋಗಿ ಬಂದಿತು.

ಮಾತು ಮಾತಾಗಿಯೇ ಉಳಿದಿದ್ದರೆ ಕಾಲಾಂತರದಲ್ಲಿ ಸವೆಯುತ್ತಿತ್ತು. ಅದಕ್ಕೆ ಸಾಕ್ಷಿ ದೊರೆತದ್ದು ದುರ್ದೈವ. ಮದುವೆಯಾಗಿ ಇಪ್ಪತ್ತು ವರ್ಷಗಳ ಮೇಲೆ ಅಣ್ಣ ಮನೆಯನ್ನು ಹೊಸದಾಗಿ ಕಟ್ಟಿಸಿದಾಗ ಚೌಕಟ್ಟಿಗೆಂದು ಬದುವಿನ ಒಂದು ಮರವನ್ನು ಕಡಿಸಿದ. ಬುಡದಿಂದ ತೆಗೆದ ಗುಂಡನೆಯ ಬಿಲ್ಲೆಯೊಂದನ್ನು ಬಡಿಗ ಕಾಲು ಹಚ್ಚಿ ಮಣೆ ಮಾಡಿಕೊಟ್ಟ. ಅವ್ವ ಅದನ್ನು ಬಿಸಿಲಿಗೆ ಹಿಡಿದು, ತೊಗಟೆಯಿಂದ ಒಳಕ್ಕೆ ಸೂಜಿಯ ಮೊನೆಯಿಂದ ಒಂದೊಂದೇ ಉಂಗುರವನ್ನು ಎಣಿಸಿ, ಸೊಸೆ ಮನೆತುಂಬಿದ ವರ್ಷದ ಉಂಗುರವನ್ನು ಹುಡುಕಿ, ಅಲ್ಲೊಂದು ಸಣ್ಣ ಮೊಳೆ ಹೊಡೆಸಿದಳು. ಮೊಳೆಯ ಒಳಗಿನ ಉಂಗುರಗಳು ಬೆರಳಗಲ. ಹೊರಗಿನವು ದಾರದಷ್ಟು ಸಣ್ಣ. ಓದು ಬಾರದವರಿಗೂ ಅದು ಓದಲು ಬರುತ್ತಿತ್ತು. ಅವ್ವ ಹೋದ ಮೇಲೆ ಆ ಮಣೆ ಪಡಸಾಲೆಯಲ್ಲಿ ಉಳಿಯಿತು. ಊರಲ್ಲೇ ಕೊಟ್ಟ ನಮ್ಮ ಅಕ್ಕ ನೀಲವ್ವ ಬಂದಾಗಲೆಲ್ಲ ಅದರ ಮೇಲೆಯೇ ಕುಳಿತುಕೊಳ್ಳುತ್ತಿದ್ದಳು.

ಇದರ ಫಲವಾಗಿ ವೈನಿ ಆ ಹೊಲದಲ್ಲಿ ಎಂದೂ ಬಿತ್ತಲಿಲ್ಲ. ನಮ್ಮ ಕಡೆ ಕೂರಿಗೆ ಗಂಡಸು ಹೂಡಿದರೂ ಕಾಳು ಹಾಕುವುದು ಹೆಂಗಸು. ಬೀಜವನ್ನು ಉಡಿಯಲ್ಲಿ ಕಟ್ಟಿಕೊಂಡು ಕೂರಿಗೆಯ ಹಿಂದೆ ನಡೆಯುತ್ತ ಅದರ ಬಟ್ಟಲಿಗೆ ಕೈ ಸಡಿಲಿಸುತ್ತ ಹೋಗಬೇಕು. ಕೈಗೆ ಹದ ಬೇಕು, ಕಾಲಿಗೆ ನೇರ ಬೇಕು. ವೈನಿ ಬೇರೆಯವರ ಹೊಲಗಳಿಗೆ ಕರೆದರೆ ಹೋಗಿ ಬಿತ್ತಿ ಬಂದಿದ್ದಾಳೆ. ಹಳ್ಳದ ಹೊಲದಲ್ಲಿ ಕಳೆ ತೆಗೆದಳು, ತೆನೆ ಮುರಿದಳು, ಕಣ ಮಾಡಿದಳು. ಬಿತ್ತುವ ದಿನ ಮಾತ್ರ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಮೊದಲ ಹಿಡಿ ಅಕ್ಕನದು. ಆಮೇಲಿನದು ಅಕ್ಕ ಕರೆತಂದವರದು. ಅಣ್ಣ ತೀರಿಕೊಂಡ ಮೇಲೂ ಈ ಕ್ರಮ ನಡೆದು ಬಂದಿತು.

ನಾನು ಇದನ್ನು ಎಂದೂ ಒಪ್ಪಿರಲಿಲ್ಲ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಬೈಲಹೊಂಗಲದ ಹತ್ತಿ ಜಿನ್ನಿನಲ್ಲಿ ತೂಕದ ಕೆಲಸಕ್ಕೆ ಸೇರಿದವನು ನಾನು. ಓದಿದ್ದೆಲ್ಲ ವಾಚನಾಲಯದಲ್ಲಿ, ಮಧ್ಯಾಹ್ನದ ಬಿಡುವಿನಲ್ಲಿ. ಒಬ್ಬರು ಹೇಳಿದ್ದನ್ನು ಹತ್ತು ಜನ ಹೇಳಿದರೆ ಹತ್ತು ಸಾಕ್ಷಿಯಾಗುವುದಿಲ್ಲ, ಒಂದೇ ಸಾಕ್ಷಿ ಹತ್ತು ಬಾಯಿಯಲ್ಲಿರುತ್ತದೆ ಎಂಬುದು ಆ ಓದಿನಿಂದ ನಾನು ಕಲಿತದ್ದು. ಊರ ಹೆಸರು ಯಾವುದೋ ರಾಣಿಯಿಂದ ಬಂದಿತೆಂದು ಭಾಷಣ ಮಾಡಿದವರನ್ನು ಅದೇ ಸಭೆಯಲ್ಲಿ ಆಧಾರ ಕೇಳಿ, ಮುರಗೋಡದಲ್ಲೊಮ್ಮೆ, ಮುನವಳ್ಳಿಯಲ್ಲೊಮ್ಮೆ ಕೂಡ್ರಿಸಲ್ಪಟ್ಟಿದ್ದೇನೆ. ಆದರೆ ಆ ಮಣೆಯ ಮುಂದೆ ನನ್ನ ಅನುಮಾನಕ್ಕೆ ಬಾಯಿ ಇರಲಿಲ್ಲ. ಮೊಳೆ ಅಲ್ಲಿತ್ತು, ಉಂಗುರಗಳು ಅಲ್ಲಿದ್ದವು. ಕಾಲಗುಣವಲ್ಲವೆಂದು ಹೇಳಬಲ್ಲವನಾಗಿದ್ದೆ, ಮತ್ತೇನು ಎಂದು ಕೇಳಿದರೆ ಹೇಳಲಾರದವನಾಗಿದ್ದೆ.

ಮೂರು ವರ್ಷದ ಹಿಂದೆ, ಯುಗಾದಿಯ ಹೊತ್ತಿಗೆ, ಅಕ್ಕನ ಮೊಣಕಾಲು ಕೆಟ್ಟಿತು. ವೈನಿಯ ಮಗ ಈರಣ್ಣ, ಈಗ ಹೊಲವನ್ನು ನೋಡಿಕೊಳ್ಳುವವನು, ಹಿಂಗಾರಿ ಬಿತ್ತನೆಗೆ ತನ್ನ ಅವ್ವನೇ ಉಡಿ ಕಟ್ಟಲಿ ಎಂದು ಒಮ್ಮೆ ಊಟದ ಹೊತ್ತಿನಲ್ಲಿ ಹೇಳಿದ. ಅಕ್ಕ ಮಣೆಯ ಮೇಲಿದ್ದಳು. ಕೆಳಗೆ ಬಗ್ಗಿ ಬೆರಳಿನಿಂದ ಮೊಳೆಯನ್ನು ಮುಟ್ಟಿ ತೋರಿಸಿದಳು, ಅಷ್ಟೇ. ವೈನಿ ಮಜ್ಜಿಗೆ ತರಲು ಒಳಗೆ ಹೋದಳು. ಹಿಂಗಾರಿ ಇನ್ನೂ ದೂರವಿದ್ದುದರಿಂದ ಮಾತು ಅಲ್ಲಿಗೆ ನಿಂತಿತು, ಮುಗಿಯಲಿಲ್ಲ.

ಮುಂಗಾರಿನ ಮೊದಲ ಮಳೆಗಳು ಬಿದ್ದ ಮೇಲೆ ಅನುಪಮಾ ಎಂಬ ಹುಡುಗಿ ಬಂದಳು. ತುಮಕೂರಿನ ಕಡೆಯವಳು, ಮರದ ಉಂಗುರಗಳಿಂದ ಹಿಂದಿನ ಮಳೆಯನ್ನು ತಿಳಿಯುವ ವಿದ್ಯೆಯಲ್ಲಿ ಸಂಶೋಧನೆ ಮಾಡುತ್ತಿದ್ದಳು. ಕಿತ್ತೂರಿನಲ್ಲಿ ಕೋಣೆ ಹಿಡಿದು, ಆ ಕಡೆಯ ಅಡವಿಯ ಸಾಗವಾನಿಗಳನ್ನು ಕೊರೆದು, ಹೊಲದ ಬದುವಿನವೂ ಕೆಲವು ಬೇಕೆಂದು ಊರೂರು ತಿರುಗುತ್ತಿದ್ದಳು. ಊರವರು ಶಾಲೆಯ ಶಿಕ್ಷಕಿಯರನ್ನು ಕರೆಯುವಂತೆ ಅವಳನ್ನೂ ಅಕ್ಕಾರು ಎಂದೇ ಕರೆದರು. ನಾನು ಅವಳನ್ನು ಹೊಲಕ್ಕೆ ಕರೆದೊಯ್ದೆ. ಅವಳು ಪೊಳ್ಳಾದ ಉಕ್ಕಿನ ಬೈರಿಗೆಯೊಂದನ್ನು ಎದೆಯೆತ್ತರದಲ್ಲಿಟ್ಟು ಎರಡೂ ಕೈಯಿಂದ ತಿರುವಿದಳು. ಮಳೆ ಜಿನುಗುತ್ತಿತ್ತು. ಹೊರಬಂದ ಕಡ್ಡಿಯ ಮೇಲೆ ಹೊಂಬಣ್ಣದ ಅಡ್ಡಗೆರೆಗಳು. ಮರ ಬೀಳಲಿಲ್ಲ, ಹೊರಳಲಿಲ್ಲ. ತೂತಿಗೆ ಮೇಣ ಒತ್ತಿದಳು. ಒಂದು ಜೀವವನ್ನು ಕಡಿಯದೆ ಅದರ ಪ್ರಾಯವನ್ನು ಓದಬಹುದೆಂಬುದನ್ನು ನಾನು ಅಂದು ಮೊದಲ ಸಲ ನೋಡಿದೆ.

ಮಳೆ ಜೋರಾದ್ದರಿಂದ ಮನೆಗೆ ಬಂದೆವು. ವೈನಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹುಡುಗಿ ಅವಳೆದುರು ಗೋಡೆಗೊರಗಿ ಕುಳಿತಳು. ನಾನು ಪಡಸಾಲೆಯಿಂದ ಮಣೆಯನ್ನು ತಂದು ಮುಂದಿಟ್ಟು, ಒಳಗಿನ ಉಂಗುರ ದಪ್ಪವಾಗಿ ಹೊರಗಿನದು ಸಣ್ಣದಾಗಲು ಏನು ಕಾರಣವೆಂದು ಕೇಳಿದೆ. ಮೊಳೆಯ ಸಂಗತಿಯನ್ನು ಬೇಕೆಂದೇ ಹೇಳಲಿಲ್ಲ.

"ಇದು ವಯಸ್ಸಿಗೆ ಬರೋ ಇಳಿಕೆ, ಸರ್. ಎಲ್ಲಾ ಮರದಲ್ಲೂ ಇರುತ್ತೆ," ಎಂದಳು. ಆಮೇಲೆ ವೈನಿಯ ಕೈಯ ಕಡೆ ನೋಡುತ್ತ, "ಅಜ್ಜಿ ಈಗ ಮಾಡ್ತಾ ಇದಾರಲ್ಲ, ಅದೇ. ಹಿಟ್ಟು ಅಷ್ಟೇ. ರೊಟ್ಟಿ ಅಗಲ ಆದಷ್ಟೂ ತೆಳ್ಳಗಾಗುತ್ತೆ. ಮರದ ಸುತ್ತಳತೆ ಬೆಳೀತಾ ಹೋದ ಹಾಗೆ ಅಷ್ಟೇ ಹಿಟ್ಟನ್ನ ಇನ್ನೂ ಅಗಲವಾಗಿ ಬಡೀಬೇಕು."

ವೈನಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಹಿಟ್ಟ ಒಂದ ಚೂರ ಹೆಚ್ಚಿಗಿ ತಗೊಂಡ್ರ ಅಗಲಾದ್ರೂ ದಪ್ಪ ಉಳೀತೈತಲ್ರೀ, ಅಕ್ಕಾರ."

"ನಾನು ಹುಡುಕೋದೇ ಅದನ್ನ. ಅಗಲಕ್ಕೆ ಎಷ್ಟು ತೆಳ್ಳಗಾಗಬೇಕಿತ್ತೋ ಅದನ್ನ ಲೆಕ್ಕದಿಂದ ತೆಗೆದುಬಿಟ್ರೆ, ಯಾವ ವರ್ಷ ಹಿಟ್ಟು ಹೆಚ್ಚು ಸಿಕ್ಕಿತು, ಯಾವ ವರ್ಷ ಕಡಿಮೆ ಅಂತ ಗೊತ್ತಾಗುತ್ತೆ."

"ಹಿಟ್ಟ ಅಂದ್ರ?"

"ಹೆಚ್ಚಾಗಿ ಮಳೆ."

ವೈನಿ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿದಳು. "ಕಾಲು ಅಲ್ಲ?" ಎಂದಳು.

ಹುಡುಗಿಗೆ ಅರ್ಥವಾಗಲಿಲ್ಲ. ಆಗ ನಾನು ಮೊಳೆಯ ಕತೆಯನ್ನು ಹೇಳಬೇಕಾಯಿತು. ಅವಳು ಕೇಳಿ ನಗಲಿಲ್ಲ; ಮಣೆಯನ್ನು ತನ್ನ ಕಡೆ ತಿರುಗಿಸಿಕೊಂಡು ಮೊಳೆಯನ್ನೂ ವೈನಿಯ ಮುಖವನ್ನೂ ನೋಡಿದಳು. ವೈನಿ ಬಿಸಿ ರೊಟ್ಟಿಯನ್ನು ಅವಳ ತಟ್ಟೆಗೆ ಹಾಕಿದಳು.

ಮುಂದಿನ ವಾರ ಅವಳು ತನ್ನ ಲ್ಯಾಪ್‌ಟಾಪಿನಲ್ಲಿ ನಮ್ಮ ಮರದ ನಕ್ಷೆಯನ್ನು ತೋರಿಸಿದಳು. ಹಲ್ಲುಹಲ್ಲಾದ ಗೆರೆಯೊಂದು ಎಡದಿಂದ ಬಲಕ್ಕೆ ಇಳಿಯುತ್ತಿತ್ತು. ಅದರ ನಡುವೆ ಹಾಯ್ದು ಹೋದ ನುಣುಪಾದ ಇನ್ನೊಂದು ಬಾಗುಗೆರೆ ಆ ವಯಸ್ಸಿನಲ್ಲಿ ಮರ ಬೆಳೆಯಬೇಕಾದಷ್ಟನ್ನು ಸೂಚಿಸುತ್ತಿತ್ತು. ಪ್ರತಿ ವರ್ಷದ ಉಂಗುರವನ್ನು ಈ ಬಾಗುಗೆರೆಯ ಅಳತೆಯಿಂದ ಭಾಗಿಸಿದರೆ ಇಳಿಜಾರು ಮಾಯವಾಗಿ, ಗೆರೆ ಸಮತಲದ ಆಚೀಚೆ ಏರಿಳಿಯುತ್ತದೆ. ಏರು ಒಳ್ಳೆಯ ವರ್ಷ. ಇಳಿತ ಕೆಟ್ಟ ವರ್ಷ. ಮೊಳೆ ಹೊಡೆಸಿದ್ದ ವರ್ಷದ ಎಡಕ್ಕೂ ಬಲಕ್ಕೂ ಹೇಳುವಂಥ ಭೇದವಿರಲಿಲ್ಲ.

ನನಗೆ ಬೇಕಾದ ಉತ್ತರವೇ ದೊರೆತಿತ್ತು. ಬೇಕಾದ ಉತ್ತರ ದೊರೆತಾಗ ಹೆಚ್ಚು ಅನುಮಾನ ಪಡಬೇಕೆಂಬುದು ನನ್ನ ಹಳೆಯ ಹಟ. ಹತ್ತಿಯ ಅಂಡಿಗೆಯನ್ನು ತೂಗಿ ಬಾರದಾನದ ತೂಕವನ್ನು, ಎಂದರೆ ಚೀಲದ ತೂಕವನ್ನು, ಕಳೆಯುತ್ತ ಮೂವತ್ತು ವರ್ಷ ಕಳೆದವನು ನಾನು. ಚೀಲವನ್ನು ಬೇರೆಯಾಗಿ ತೂಗದೆ ಇಷ್ಟೆಂದು ಅಂದಾಜಿಗೆ ಹಿಡಿದರೆ ಹತ್ತಿಯ ತೂಕವೂ ಅದರಲ್ಲಿ ಸೇರಿ ಹೋಗುತ್ತದೆ. ಅವಳ ಬಾಗುಗೆರೆ ಆ ಮರದ ಗೆರೆಗೇ ಹೊಂದಿಸಿ ಎಳೆದದ್ದು. ವೈನಿ ಬಂದ ಮೇಲೆ ಆ ನೆಲ ನಿಜವಾಗಿಯೂ ಸೊರಗಿದ್ದರೆ, ಆ ಸೊರಗನ್ನೂ ವಯಸ್ಸೆಂದು ತಿಳಿದು ಬಾಗುಗೆರೆ ನುಂಗಿಬಿಡುವುದಿಲ್ಲವೆ? ಅಳೆಯಬೇಕಾದದ್ದನ್ನೇ ಬಾರದಾನದಲ್ಲಿ ಕಳೆದಂತಾಗುವುದಿಲ್ಲವೆ ಎಂದು ಅವಳನ್ನೇ ಕೇಳಿದೆ.

ಅವಳು ಲ್ಯಾಪ್‌ಟಾಪನ್ನು ಮುಚ್ಚಿ ನನ್ನ ಕಡೆ ತಿರುಗಿದಳು. ಈ ವಿದ್ಯೆಯವರು ತಮ್ಮ ತಮ್ಮಲ್ಲಿ ಜಗಳವಾಡುವುದೇ ಈ ಪ್ರಶ್ನೆಗೆಂದೂ, ಒಂದೇ ವಯಸ್ಸಿನ ಮರಗಳಿಂದ ಇದು ಬಗೆಹರಿಯದೆಂದೂ ಒಪ್ಪಿದಳು. ಅದೇ ನೆಲದಲ್ಲಿ ಬೇರೆ ಕಾಲಕ್ಕೆ ಹುಟ್ಟಿದ ಮರ ಬೇಕು. ನೆಲವೇ ಸೊರಗಿದ್ದರೆ ಎಳೆಯ ಮರವೂ ಆ ವರ್ಷಗಳಲ್ಲಿ ಸೊರಗಿರಬೇಕು. ವಯಸ್ಸಿನ ಕಾರಣವಾದರೆ ಮುದಿ ಮರ ಸಣ್ಣ ಉಂಗುರ ಹಾಕಿದ ವರ್ಷವೇ ಎಳೆಯದು ದಪ್ಪ ಉಂಗುರ ಹಾಕಿರುತ್ತದೆ. ಅಂಥ ಮರ ಇದೆಯೇ ಎಂದು ಕೇಳಿದಳು.

ನಾನು ಇಲ್ಲವೆಂದೆ. ಒಳಗಿನಿಂದ ವೈನಿ ಇದೆ ಎಂದಳು.

ಹಳ್ಳದ ಕಡೆಯ ಬದುವಿಗೆ ಐದಾರು ಸಾಗವಾನಿಗಳಿದ್ದುದು ನನಗೆ ಗೊತ್ತಿತ್ತು. ಅವೂ ಅಪ್ಪನವೆಂದೇ ತಿಳಿದಿದ್ದೆ. ಎಲ್ಲರೂ ಹಾಗೆ ಹೇಳುತ್ತಿದ್ದರು. ಅನುಮಾನವನ್ನೇ ಕಸುಬು ಮಾಡಿಕೊಂಡ ನಾನು ಇದನ್ನು ಮಾತ್ರ ಯಾರನ್ನೂ ಕೇಳಿರಲಿಲ್ಲ. ಮದುವೆಯಾದ ಮೂರನೆಯ ಮಳೆಗಾಲಕ್ಕೆ, ಮೇಲಿನ ಮರಗಳ ಬುಡದಲ್ಲಿ ತಾನಾಗಿ ಹುಟ್ಟಿದ ಸಸಿಗಳನ್ನು ಕಿತ್ತು ಅಲ್ಲಿ ಹಚ್ಚಿದವಳು ವೈನಿ. ಬೀಜ ಹಾಕಬೇಡವೆಂದಿದ್ದರು, ಸಸಿ ಹಚ್ಚಬೇಡವೆಂದು ಯಾರೂ ಹೇಳಿರಲಿಲ್ಲ ಎಂದಳು.

ಅವುಗಳನ್ನು ಕೊರೆದ ದಿನ ಮಳೆ ಇರಲಿಲ್ಲ. ವೈನಿಯೂ ಬಂದು ಬದುವಿನ ಮೇಲೆ ಕುಳಿತಿದ್ದಳು. ಹುಡುಗಿ ಕಡ್ಡಿಗಳನ್ನು ಕಿತ್ತೂರಿಗೊಯ್ದು, ತೋಡಿದ ಮರದ ಪಟ್ಟಿಗೆ ಅಂಟಿಸಿ, ಉಜ್ಜಿ, ಅಳೆದು, ಕೆಲವು ದಿನಗಳ ಮೇಲೆ ಎರಡು ನಕ್ಷೆಗಳನ್ನು ಒಂದರ ಮೇಲೊಂದಿಟ್ಟು ತಂದಳು. ಅವ್ವ ಬರವೆಂದು ತೋರಿಸುತ್ತಿದ್ದ, ಮೊಳೆಯ ಹೊರಗಿನ ಆ ವರ್ಷಗಳಲ್ಲಿಯೇ ಹಳ್ಳದ ಬದುವಿನ ಮರಗಳು ಬೆರಳಗಲದ ಉಂಗುರಗಳನ್ನು ಹಾಕಿದ್ದವು. ಅದೇ ಹೊಲ, ಅದೇ ಮಳೆ, ಅದೇ ಸೊಸೆ. ಮುಂದೆ ಅವೂ ವಯಸ್ಸಾದಂತೆ ಸಣ್ಣಗಾಗುತ್ತ ಹೋಗಿದ್ದವು. ಎರಡೂ ಸಾಲುಗಳ ವಯಸ್ಸನ್ನು ತೆಗೆದು ನೋಡಿದರೆ ಏರಿಳಿತಗಳು ಒಂದಕ್ಕೊಂದು ಹೊಂದುತ್ತಿದ್ದವು. ಮೂರ್ನಾಲ್ಕು ಕೆಟ್ಟ ವರ್ಷಗಳು ಕಿತ್ತೂರಿನ ಅಡವಿಯಲ್ಲಿಯೂ ಕೆಟ್ಟ ವರ್ಷಗಳೇ. ಜೋಳ ತೆನೆ ಕಟ್ಟದಿದ್ದುದು ಆ ವರ್ಷಗಳ ಮಾತಿರಬೇಕು. ಅಪ್ಪನ ಸಾಲಿನಲ್ಲಿ ವೈನಿ ಮನೆತುಂಬಿದ ವರ್ಷ ಮಾತ್ರ ಸಮತಲದಿಂದ ಚೆನ್ನಾಗಿ ಮೇಲೆ ನಿಂತಿತ್ತು.

ಆ ಸಂಜೆ ಪಡಸಾಲೆಯಲ್ಲಿ ಎಲ್ಲರೂ ಇದ್ದರು. ನಾನು ಅಕ್ಕನಿಗೆ ನಕ್ಷೆಯನ್ನು ಆದಿಯಿಂದ ವಿವರಿಸಿದೆ. ಅವಳು ಮಣೆಯ ಮೇಲೆ ಕುಳಿತೇ ಕೇಳಿದಳು.

"ಲೇ ಶಿವ್ಯಾ," ಎಂದಳು, "ನಿಮ್ಮ ಅಕ್ಕಾರು ಕೊರದದ್ದು ಗಿಡಾ. ಕಾಲು ಕೊರದ ನೋಡಿಲ್ಲಲ್ಲ."

ಈರಣ್ಣ ನಕ್ಕ. ವೈನಿಯೂ ಸೆರಗಿನಲ್ಲಿ ನಕ್ಕಳು. ಆ ನಗೆ ನನ್ನನ್ನು ಕೆಣಕಿತು. ಹಾಗಾದರೆ ಇದನ್ನು ನೋಡು ಎಂದು, ವೈನಿ ಬಂದ ವರ್ಷದ ಏರನ್ನು ಬೆರಳಿಟ್ಟು ತೋರಿಸಿದೆ. ಅಂಥ ಮಳೆಯ ವರ್ಷ ಮುಂದೆ ಬಹಳ ದಿನ ಬರಲಿಲ್ಲ. ಕಾಲಗುಣವೆಂಬುದು ಇರುವುದೇ ಆದರೆ ಅದು ಒಳ್ಳೆಯ ಕಾಲಗುಣ, ಮೊದಲ ಹಿಡಿಯನ್ನು ಆ ಕೈಯೇ ಹಾಕಬೇಕು ಎಂದೆ. ಮಾತು ಚೆನ್ನಾಗಿ ಕೂಡಿ ಬಂದಿತ್ತು.

ಹುಡುಗಿ ಮೆಲ್ಲನೆ, ಆ ಏರು ಕಿತ್ತೂರಿನ ಮರಗಳಲ್ಲಿಯೂ ಇದೆ, ಸರ್, ಎಂದಳು. ಅವಳು ಹೇಳದಿದ್ದರೂ ನಡೆಯುತ್ತಿತ್ತು ಎಂದು ಆಗ ಅನಿಸಿತು.

ವೈನಿ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. "ಬ್ಯಾಡ, ಶಿವಪ್ಪ," ಎಂದಳು. "ಕೆಟ್ಟ ಕಾಲಂತ ಇಷ್ಟ ದಿನ ನಡದೇನಿ. ಈಗ ಒಳ್ಳೆ ಕಾಲು ಅಂತಿ. ನಾಳೆ ಮಳಿ ಹೋತಂದ್ರ ಮತ್ತ ಈ ಕಾಲನ ನೋಡತಾರ. ಕಾಲು ನಡಿಯಾಕ ಅದಾವ. ಅಷ್ಟ ಇರ್ಲಿ."

ಸುಳ್ಳನ್ನು ಅದರದೇ ಅಳತೆಯ ಇನ್ನೊಂದು ಸುಳ್ಳಿನಿಂದ ತುಂಬಲು ಹೊರಟಿದ್ದೆನೆಂಬುದು ನನಗೆ ತಿಳಿಯಿತು. ಕನಿಷ್ಠ ಆ ಮೊಳೆಯನ್ನಾದರೂ ಕೀಳುತ್ತೇನೆಂದು ಇಕ್ಕಳ ಕೇಳಿದೆ. ವೈನಿ ಅದಕ್ಕೂ ಒಪ್ಪಲಿಲ್ಲ.

"ಇರ್ಲಿ ಬಿಡು. ಕಿತ್ತರ ತೂತ ಕಾಣತೈತಿ."

ಉತ್ತರೆಯ ಮಳೆ ಹದವಾಗಿ ಬಂದಿತು. ಹಸ್ತಕ್ಕೆ ಹಿಂಗಾರಿ ಜೋಳದ ಬಿತ್ತನೆ ಎಂದು ಗೊತ್ತಾಯಿತು. ಅನುಪಮಾ ಅಷ್ಟರಲ್ಲಿ ಸವದತ್ತಿಯ ಕಡೆಯ ಮರಗಳನ್ನೂ ಮುಗಿಸಿ ಊರಿಗೆ ಹೊರಟಿದ್ದಳು. ಹೋಗುವ ಮೊದಲು ಬಂದು ವೈನಿಯ ಕೈಯ ರೊಟ್ಟಿ ಕಟ್ಟಿಸಿಕೊಂಡಳು. ಈಗ ಊರಿನ ಬಹಳ ಹೊಲಗಳನ್ನು ಟ್ರ್ಯಾಕ್ಟರ್ ಬಿತ್ತುತ್ತದೆ. ಹಳ್ಳದ ಹೊಲ ಸಣ್ಣದಾದ್ದರಿಂದ ಅಲ್ಲಿ ಇನ್ನೂ ಎತ್ತಿನ ಕೂರಿಗೆಯೇ.

ಬಿತ್ತುವ ದಿನ ಕೂರಿಗೆಗೆ ಪೂಜೆಯಾಯಿತು. ಅಕ್ಕ ಕೋಲೂರಿಕೊಂಡು ಬಂದಿದ್ದಳು, ಎಂದಿನಂತೆ ಉಡಿ ಕಟ್ಟಿಕೊಂಡು. ರೊಟ್ಟಿಯ ಬುಟ್ಟಿಯನ್ನು ಹೊತ್ತು ವೈನಿಯೂ ಬಂದಳು. ಬಿತ್ತುವ ದಿನ ಅವಳನ್ನು ಆ ಹೊಲದಲ್ಲಿ ನಾನು ನೋಡಿದ್ದು ಅದೇ ಮೊದಲು. ಬುಟ್ಟಿಯನ್ನು ತನ್ನ ಮರಗಳ ನೆರಳಿಗಿಳಿಸಿ, ಬೀಜದ ಚೀಲದ ಹತ್ತಿರ ಹೋಗಿ, ಸೆರಗನ್ನು ಉಡಿಯಾಗಿ ಕಟ್ಟಿಕೊಂಡಳು. ಈರಣ್ಣ ಕೂರಿಗೆಯ ಮೇಳಿ ಹಿಡಿದು ನಿಂತು ಒಮ್ಮೆ ಅತ್ತೆಯ ಕಡೆ, ಒಮ್ಮೆ ತಾಯಿಯ ಕಡೆ ನೋಡಿದ. ಎತ್ತುಗಳು ಬಾಲ ಬೀಸುತ್ತಿದ್ದವು.

"ನೀಲಕ್ಕಾ, ಮೊದಲನೇ ಹಿಡಿ ನೀವ ಹಾಕ್ರಿ," ಎಂದಳು ವೈನಿ. "ರೂಢಿ ಐತಿ ನಿಮಗ. ನಿಮ್ಮ ಮೊಣಕಾಲ ಎಲ್ಲಿ ನಿಲ್ಲತೈತಿ ಅಲ್ಲಿಂದ ನಾ ಹಾಕತೇನಿ."

ಅಕ್ಕ ಕೋಲನ್ನು ನನ್ನ ಕೈಗೆ ಕೊಟ್ಟು ಕೂರಿಗೆಯ ಹಿಂದೆ ನಡೆದಳು. ಹೊಲದ ನಡುವಿನವರೆಗೂ ಹೋದಳು, ಅದು ನನ್ನ ಎಣಿಕೆಗಿಂತ ಹೆಚ್ಚು. ಅಲ್ಲಿ ನಿಂತು, ಉಡಿಯಲ್ಲಿ ಉಳಿದ ಕಾಳನ್ನು ಬೊಗಸೆಯಿಂದ ತೆಗೆದು ವೈನಿಯ ಉಡಿಗೆ ಸುರಿದಳು. "ಕೈ ಸಡ್ಲ ಬಿಡಬ್ಯಾಡ, ದಟ್ಟ ಬೀಳತೈತಿ," ಎಂದಷ್ಟೇ ಹೇಳಿದಳು. ವೈನಿ ಹೂಂ ಎಂದಳು. ಎತ್ತುಗಳು ಮುಂದೆ ನಡೆದವು. ಊಟದ ಹೊತ್ತಿನವರೆಗೆ ಅವಳು ನಡೆಯುತ್ತಲೇ ಇದ್ದಳು. ಆಮೇಲೆ ನೆರೆಯ ಹೊಲದ ಹೆಂಗಸೊಬ್ಬಳು ಕೈ ಬದಲಿಸಿದಳು.

ಜೋಳ ಮೊಣಕಾಲೆತ್ತರ ಬಂದಾಗ ನಾನು ಒಂದು ಬೆಳಗ್ಗೆ ಬದುವಿನ ಮೇಲೆ ನಿಂತು ನೋಡಿದೆ. ಅಕ್ಕ ನಿಂತ ಜಾಗವನ್ನು ಗುರುತಿಟ್ಟುಕೊಂಡಿದ್ದೆನೆಂದು ತಿಳಿದಿದ್ದೆ. ಅಲ್ಲಿಂದ ಆಚೆಗೂ ಈಚೆಗೂ ಸಾಲು ಒಂದೇ ಹಸಿರಾಗಿತ್ತು. ಒಂದು ಕೈ ಮುಗಿದು ಇನ್ನೊಂದು ಕೈ ಹತ್ತಿದ ಸಂದು ಎಲ್ಲಿಯೂ ಕಾಣಲಿಲ್ಲ. ವೈನಿ ಕೆಳಗೆ ಕಳೆ ತೆಗೆಯುತ್ತಿದ್ದಳು. ನಿಮ್ಮ ಸಾಲು ಎಲ್ಲಿಂದ ಆರಂಭವಾಗುತ್ತದೆ ಎಂದು ಕೂಗಿ ಕೇಳಿದೆ.

ಅವಳು ತಲೆ ಎತ್ತಿ ಉದ್ದಕ್ಕೂ ಒಮ್ಮೆ ನೋಡಿದಳು.

"ಜ್ವಾಳಕ್ಕ ಗೊತ್ತಿಲ್ಲ," ಎಂದಳು, "ನನಗೆಲ್ಲಿಂದ ಗೊತ್ತಿರತೈತೋ ಮಾರಾಯಾ."